ಬ್ರೇಕ್ ‘ಬ್ಲೀಡಿಂಗ್’ ಮತ್ತು ‘ಫ್ಲಶಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಕಾರಿನ ಬ್ರೇಕ್ ದ್ರವವನ್ನು ಮನೆಯಲ್ಲೇ ಬದಲಿಸುವ ಬಗ್ಗೆ ಬರೆಯುವಾಗ ಬ್ಲೀಡಿಂಗ್‌ಗೆ ‘ಬಸಿಯುವುದು’, ಫ್ಲಶಿಂಗ್‌ಗೆ ‘ತೊಳೆಯುವುದು’ ಎಂದರೆ ಆದೀತೇ? ‘ಬ್ರೇಕ್ ಆಯಿಲ್’ ಎಂಬ ರೂಢಿಯ ಮಾತನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಮೊದಲಿನ ಎರಡೂ ಬೇಡ. ಬ್ಲೀಡಿಂಗ್ ಎಂದರೆ ಬ್ರೇಕ್ ಲೈನಿನಲ್ಲಿ ಸೇರಿಕೊಂಡ ಗಾಳಿಯನ್ನು ಹೊರತೆಗೆಯುವುದು; ಫ್ಲಶಿಂಗ್ ಎಂದರೆ ಹಳೆಯ ದ್ರವವನ್ನೆಲ್ಲ ಹೊರಹಾಕಿ ಹೊಸದು ತುಂಬುವುದು.

ಅನ್ನ ಬಸಿದರೆ ಗಂಜಿಯೆಲ್ಲ ಇಳಿದುಹೋಗಬೇಕು. ಬ್ರೇಕಿನಲ್ಲಿ ಹಾಗೆ ಪೂರ್ತಿ ಇಳಿದರೆ ಕೆಲಸ ಕೆಟ್ಟಿತು. ದ್ರವದ ಡಬ್ಬಿ ಬರಿದಾದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳತ್ತ ತಳ್ಳುವ ಭಾಗ) ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ) ಘಟಕದೊಳಗೆ ಸೇರಿತೆಂದರೆ ಕೆಲವು ಕಾರುಗಳಲ್ಲಿ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸದೆ ಹೊರಬರುವುದಿಲ್ಲ.

‘ತೊಳೆಯುವುದು’ ಎಂದೊಡನೆ ನೀರು ನೆನಪಾಗುತ್ತದೆ. ಈ ದ್ರವಕ್ಕೆ ನೀರೇ ವೈರಿ. ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವದ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು; ಶೇ. 3.7ರಷ್ಟು ನೀರು ಹೀರಿದ ಮೇಲೆ ಆ ಕನಿಷ್ಠ ಮಿತಿ 155. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಕಾದು ದ್ರವ ಕುದ್ದರೆ ಆವಿಯ ಗುಳ್ಳೆಗಳೆದ್ದು ಪೆಡಲ್ ನೆಲಕ್ಕೆ ಹೋಗುತ್ತದೆ. ಫ್ಲಶ್ ಮಾಡುವುದು ಇದನ್ನು ತಪ್ಪಿಸಲು, ಹೊಸ ದ್ರವದಿಂದಲೇ ಹಳೆಯದನ್ನು ಹೊರಗೆ ತಳ್ಳುವ ಕೆಲಸ. ‘ದ್ರವ ಬದಲಿಸುವುದು’ ಎಂದರೆ ಸಾಕು. ‘ತೊಳೆ’ ಎಂಬ ಮಾತು ಸಲ್ಲುವುದು ಒಂದೇ ಕಡೆ: ಬಣ್ಣದ ಮೇಲೆ ಚೆಲ್ಲಿದಾಗ. ಆಗ ತಡಮಾಡದೆ ನೀರು ಸುರಿದು ತೊಳೆಯಬೇಕು, ಇಲ್ಲವಾದರೆ ಬಣ್ಣ ಏಳುತ್ತದೆ.

ಬ್ಲೀಡಿಂಗ್‌ಗೆ ಗ್ಯಾರೇಜಿನಲ್ಲಿ ‘ಏರ್ ತೆಗೆಯೋದು’ ಎನ್ನುತ್ತಾರೆ. ಪಂಪ್‌ಸೆಟ್, ಡೀಸೆಲ್ ಎಂಜಿನ್‌ಗೂ ಇದೇ ಮಾತು, ಅರ್ಥವೂ ಕರಾರುವಾಕ್ಕು. ಆದರೆ ‘ಗಾಳಿ ಬಿಡುವುದು’ ಎಂದು ಬರೆದರೆ ಓದುವವರು ಟಯರ್ ಹತ್ತಿರ ಹೋಗಿ ಕೂರುತ್ತಾರೆ. ಲಾರಿಯ ‘ಏರ್ ಬ್ರೇಕ್’ ಸಹ ಬೇರೆ, ಅದು ನಡೆಯುವುದೇ ಗಾಳಿಯಿಂದ. ‘ಬ್ರೇಕ್ ಲೈನಿನ ಏರ್ ತೆಗೆಯುವುದು’ ಎಂದರೆ ಗೊಂದಲವಿಲ್ಲ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದ ಪದ ‘ಬಿಡು’. ಒಬ್ಬರು ಪೆಡಲ್ ಹತ್ತಿರ, ಇನ್ನೊಬ್ಬರು ಚಕ್ರದ ಹತ್ತಿರ ಇರುತ್ತಾರೆ. ‘ಬಿಡು’ ಎಂದರೆ ಪೆಡಲಿನಿಂದ ಕಾಲು ತೆಗೆಯುವುದೋ, ಚಕ್ರದ ಬಳಿ ದ್ರವ ಹೊರಬಿಡುವ ತಿರುಪಾದ ನಿಪ್ಪಲ್ ಬಿಡಿಸುವುದೋ? ನಿಪ್ಪಲ್ ತೆರೆದಿರುವಾಗ ಕಾಲೆತ್ತಿದರೆ ಅದರ ತಿರುಪಿನ ಸುತ್ತುಗಳ ಸಂದಿಯಿಂದ ಗಾಳಿ ಒಳಕ್ಕೆ ಹೋಗುತ್ತದೆ. ಹಾಗಾಗಿ ಬರೆಯುವಾಗ ನಾಲ್ಕು ಬೇರೆ ಬೇರೆ ಮಾತು ಇರಲಿ: ‘ಒತ್ತಿ ಹಿಡಿ’, ‘ಸಡಿಲಿಸಿದೆ’, ‘ಬಿಗಿದೆ’, ‘ಕಾಲೆತ್ತು’. ‘ಬಿಗಿದೆ’ ಎಂದು ಕೇಳಿದ ಮೇಲಷ್ಟೇ ಕಾಲೆತ್ತಬೇಕು. ಹಳೆಯ ಕಾರಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ ಎಂದೂ ಸೇರಿಸಿ. ಪೆಡಲ್ ತಳಮುಟ್ಟಿದರೆ ಮಾಸ್ಟರ್ ಸಿಲಿಂಡರಿನ ಬಳಕೆಯಾಗದ, ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಒಳಗಿನ ರಬ್ಬರ್ ಸೀಲ್ ಹರಿಯಬಹುದು.

ಉಳಿದದ್ದು ಸುಲಭ. ಬೇಕಾದ ಸಾಮಾನು: ನಿಪ್ಪಲ್‌ಗೆ ಒಪ್ಪುವ ರಿಂಗ್ ಸ್ಪ್ಯಾನರ್ (ಬಹಳ ಕಾರುಗಳಲ್ಲಿ 8 ಅಥವಾ 10 ಮಿ.ಮೀ.), ಪಾರದರ್ಶಕ ಟ್ಯೂಬ್, ತುದಿ ಮುಳುಗುವಷ್ಟು ದ್ರವವಿರುವ ಬಾಟಲಿ, ಸೀಲ್ ಒಡೆಯದ ಒಂದು ಲೀಟರ್ ದ್ರವ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರುಗಳಲ್ಲಿ ಚಕ್ರಗಳ ಏರ್ ತೆಗೆಯುವ ಸಾಮಾನ್ಯ ಕ್ರಮ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕಾರಿನ ಕೈಪಿಡಿ ಬೇರೆ ಹೇಳಿದರೆ ಅದರಂತೆಯೇ ಮಾಡಬೇಕು.

‘ಬ್ರೇಕ್ ಆಯಿಲ್’ ಅಂಗಡಿಯಲ್ಲಿ ಕೇಳಲು ಸರಿ, ಕೈಪಿಡಿಯಲ್ಲಿ ಅಪಾಯ. ಅದು ಎಣ್ಣೆಯಲ್ಲ, ಡಾಟ್ 3, 4, 5.1 ದರ್ಜೆಗಳು ಗ್ಲೈಕಾಲ್ ಎಂಬ ರಾಸಾಯನಿಕದ ಬಗೆಯವು. ‘ಆಯಿಲ್’ ಎಂದು ನಂಬಿ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕ್ ಹಿಡಿದುಕೊಳ್ಳುತ್ತದೆ, ಸೀಲುಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಡಾಟ್ 5 ಸಿಲಿಕೋನ್‌ನದ್ದು, ಇವುಗಳ ಜೊತೆ ಬೆರೆಸುವಂತಿಲ್ಲ, 5.1ರ ಆ ‘.1’ ಅಚ್ಚಿನಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಿ.