ಪದಚರ್ಚೆ: ‘ಇಂಟರ್‌ಫಿಯರೆನ್ಸ್’ಗೆ ಏನು ಬರೆಯಲಿ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪವರ್ ಅಡಾಪ್ಟರಿನ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಲವು ದೇಶಗಳಲ್ಲಿ ಮಾರಾಟವಾಗುವ ಮಾಲು. ಹಾಗಾಗಿ ಕೊನೆಯ ಎರಡು ಪುಟ ಪೂರ್ತಿ ಸುರಕ್ಷತೆ ಮತ್ತು ನಿಯಮಗಳದ್ದೇ ಮಾತು. ಶಾಕ್, ಫ್ಯೂಸ್, ಅರ್ಥಿಂಗ್ ಹಾಗೇ ಬಿಟ್ಟಿದ್ದೇನೆ.

ಸಿಕ್ಕಿಹಾಕಿಕೊಂಡಿರುವುದು ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿಯ ನಿಯಮಗಳ 15ನೇ ಭಾಗದ ಎರಡು ಷರತ್ತುಗಳಲ್ಲಿ. ಒಂದು, ಈ ಸಾಧನ ಹಾನಿಕರ ‘ಇಂಟರ್‌ಫಿಯರೆನ್ಸ್’ ಉಂಟುಮಾಡಬಾರದು. ಎರಡು, ತನಗೆ ಬರುವ ಇಂಟರ್‌ಫಿಯರೆನ್ಸನ್ನು, ಅದರಿಂದ ತನ್ನ ಕೆಲಸ ಕೆಟ್ಟರೂ, ‘ಆಕ್ಸೆಪ್ಟ್’ ಮಾಡಬೇಕು.

ನಾನು ಬರೆದದ್ದು: ‘ಸಾಧನವು ಯಾವುದೇ ಹಸ್ತಕ್ಷೇಪವನ್ನು ಸ್ವೀಕರಿಸತಕ್ಕದ್ದು.’ ಓದಿದರೆ ಅಡಾಪ್ಟರ್ ಹಾರ ಹಾಕಿಸಿಕೊಳ್ಳಲು ನಿಂತ ಹಾಗಿದೆ. ಇಎಂಸಿಗೂ, ಅಂದರೆ ಸಾಧನಗಳು ಒಂದನ್ನೊಂದು ಕೆಡಿಸದೆ ಕೆಲಸ ಮಾಡುವ ಎಲೆಕ್ಟ್ರೋಮ್ಯಾಗ್ನೆಟಿಕ್ ಕಂಪ್ಯಾಟಿಬಿಲಿಟಿಗೂ, ಒಂದು ಪದ ಬೇಕು. ಸಂಜೆ ಅಚ್ಚಿಗೆ ಹೋಗುತ್ತದೆ.

ಮರು:

ಹಸ್ತಕ್ಷೇಪ ಬೇಡ. ತರಂಗಕ್ಕೆ ಕೈ ಎಲ್ಲಿದೆ? ಭೌತಶಾಸ್ತ್ರದಲ್ಲಿ ‘ವ್ಯತಿಕರಣ’ ಇದ್ದೇ ಇದೆ. ಇಎಂಸಿ ಅಂದರೆ ವಿದ್ಯುತ್ಕಾಂತೀಯ ಅನುರೂಪತೆ. ಮುಗಿಯಿತು.

ಮರು:

ಮುಗಿದಿಲ್ಲ. ವ್ಯತಿಕರಣ ಅಂದರೆ ಎರಡು ಅಲೆ ಒಂದರ ಮೇಲೊಂದು ಬಿದ್ದು ಕಪ್ಪು ಬಿಳುಪು ಪಟ್ಟೆ ಮೂಡುವುದು. ಇಲ್ಲಿರುವುದು ಮಿಕ್ಸಿ ಹಾಕಿದಾಗ ರೇಡಿಯೋ ಗರಗರ ಅನ್ನುವ ಕಥೆ. ಅದಕ್ಕೆ ‘ಅಡಚಣೆ’ ಸಾಕು. ಇದರ ಮಿತಿಗಳನ್ನು ಗೊತ್ತುಮಾಡುವ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ 1934ರಲ್ಲಿ ಹುಟ್ಟಿತು. ಅದರ ಫ್ರೆಂಚ್ ಹೆಸರಲ್ಲೂ ಇರುವುದು ‘ಕದಡುವಿಕೆ’ ಅನ್ನುವ ಪದವೇ.

ಇನ್ನು ಆ ‘ಆಕ್ಸೆಪ್ಟ್’. ಇದನ್ನು ಎಲ್ಲರೂ ‘ತಾಳಿಕೊಳ್ಳಬೇಕು’ ಅಂತ ಬರೆದುಬಿಡುತ್ತಾರೆ. ತಪ್ಪು. ಸಾಧನ ಗಟ್ಟಿಯಾಗಿರಬೇಕು ಅಂತ ಆ ಷರತ್ತು ಹೇಳುತ್ತಿಲ್ಲ. ಅಡಚಣೆ ಬಂದು ಕೆಲಸ ಕೆಟ್ಟರೆ ದೂರುವಂತಿಲ್ಲ, ಅಷ್ಟೇ. ಅದು ‘ಸಹಿಸಿಕೊಳ್ಳಬೇಕು’. ಇಎಂಸಿ ಬಗೆಗಿನ ಯುರೋಪಿನ ಕಾನೂನು, ಅಂದರೆ 2014/30 ನಿರ್ದೇಶನ, ಬೇರೆ. ಅದರಲ್ಲಿ ಅಡಚಣೆ ಸೂಸಲೂ ಬಾರದು, ಬಂದದ್ದನ್ನು ತಾಳಲೂ ಬೇಕು. ಪರೀಕ್ಷೆಯಲ್ಲಿ ಒಂದು ಪಿಸ್ತೂಲಿನಂಥ ಉಪಕರಣ ಹಿಡಿದು ಕಿಡಿ ಹೊಡೆಯುತ್ತಾರೆ. ಮನೆಬಳಕೆಯ ವಸ್ತುವಾದರೆ ಸಾಮಾನ್ಯವಾಗಿ ಲೋಹಕ್ಕೆ ಮುಟ್ಟಿಸಿ 4 ಕಿಲೋವೋಲ್ಟ್, ಗಾಳಿಯಲ್ಲಿ 8 ಕಿಲೋವೋಲ್ಟ್. ಕ್ಷಣಕಾಲ ತಡವರಿಸಬಹುದು, ಆದರೆ ತಾನೇ ಸರಿಹೋಗಬೇಕು. ಅದು ‘ತಾಳಿಕೆ’, ಇಂಗ್ಲಿಷಿನ ‘ಇಮ್ಯುನಿಟಿ’. ಒಂದೇ ಕೈಪಿಡಿಯಲ್ಲಿ ಎರಡೂ ಬರುತ್ತವೆ. ಎರಡಕ್ಕೂ ಒಂದೇ ಪದ ಹಾಕಬೇಡಿ. ಈ ತಾಳಿಕೆಯನ್ನು ‘ರೋಗನಿರೋಧಕ ಶಕ್ತಿ’ ಅಂತ ಬರೆದ ಕೈಪಿಡಿಯನ್ನೂ ನೋಡಿದ್ದೇನೆ. ಪಾಪ, ಟಿವಿಗೆ ನೆಗಡಿ.

ಮರು:

ಅಡಚಣೆ ಒಪ್ಪಿದೆ. ಆದರೆ ‘ವಿದ್ಯುತ್ಕಾಂತೀಯ’ ಯಾಕೆ? ‘ಅಯಸ್ಕಾಂತ’ದಲ್ಲಿ ಅಯಸ್ ಅಂದರೆ ಕಬ್ಬಿಣ, ಕಾಂತ ಅಂದರೆ ನಲ್ಲ. ಕಬ್ಬಿಣದ ನಲ್ಲ! ಈಗ ಕಬ್ಬಿಣ ಬಿಟ್ಟು ನಲ್ಲನನ್ನು ಮಾತ್ರ ಎತ್ತಿಕೊಂಡು ಮಿಂಚಿಗೆ ಗಂಟು ಹಾಕಿದ್ದೀರಿ. ನಮ್ಮದೇ ‘ಸೂಜಿಗಲ್ಲು’ ಇಲ್ಲವೇ? ಮಿಂಚಿನ ‘ಮಿನ್’, ಸೆಳೆತದ ‘ಸೆಳೆ’ ಸೇರಿಸಿ ‘ಮಿನ್ಸೆಳೆ ಹೊಂದಿಕೆ’ ಅನ್ನಿ. ಅರ್ತಿಂಗ್ ಅಲ್ಲ, ‘ನೆಲತಂತಿ’. ಕಡ ತಂದ ಪದಗಳಲ್ಲೇ ಬದುಕಿದರೆ ನುಡಿ ಬೆಳೆಯುವುದು ಯಾವಾಗ?

ಮರು:

> ಅರ್ತಿಂಗ್

‘ಥ’ ತಿಂದು ಅರ್ಥ ಕೆಡಿಸಿದಿರಿ. ಮಿನ್ಸೆಳೆ ಅಂದರೆ ಓದುವವರು ಮೀನಿನ ಎಸಳೋ ಅಂದುಕೊಳ್ಳುತ್ತಾರೆ. ನೂರು ವರ್ಷದ ಶಾಸ್ತ್ರೀಯ ಪರಿಭಾಷೆ ಬಿಟ್ಟು ದಿನಕ್ಕೊಂದು ಪದ ಟಂಕಿಸಿದರೆ ಭಾಷೆ ಉಳಿಯುವುದಿಲ್ಲ.

ಮರು:

ಇಬ್ಬರೂ ಸುಮ್ನಿರಿ. ಕೇಳಿದವರ ಅಡಾಪ್ಟರಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದರ ಸುರಕ್ಷತೆಗೆ ಅರ್ಥಿಂಗ್ ಬೇಕಾಗಿಯೇ ಇಲ್ಲ. ಇನ್ಸುಲೇಷನ್ನೇ ಎರಡು ಸುತ್ತು. ಇಲ್ಲದ ತಂತಿಗೆ ಹೆಸರಿಡಲು ಜಗಳ.

ನಿಜವಾದ ಗುಂಡಿ ಬೇರೆ ಕಡೆ ಇದೆ. ಯುರೋಪಿನ 2014/35 ನಿರ್ದೇಶನವನ್ನು ‘ಲೋ ವೋಲ್ಟೇಜ್’ ಅಂತ ಕರೆಯುತ್ತಾರೆ. ಅದು ಅನ್ವಯಿಸುವುದು ಎಸಿಯಲ್ಲಿ 50ರಿಂದ 1000 ವೋಲ್ಟ್, ಡಿಸಿಯಲ್ಲಿ 75ರಿಂದ 1500 ವೋಲ್ಟಿನ ಸಾಧನಗಳಿಗೆ. ನಮ್ಮಲ್ಲಿ ‘ಲೋ ವೋಲ್ಟೇಜ್’ ಅಂದರೆ ಬಲ್ಬು ಮಂಕಾಗಿ, ಫ್ಯಾನ್ ತೂಕಡಿಸೋದು. ಹಾಗೇ ಬರೆದರೆ ಜನ ಇದು ಅಪಾಯ ಇಲ್ಲದ ವಸ್ತು ಅಂದುಕೊಳ್ಳುತ್ತಾರೆ. ಕೈಪಿಡಿಯಲ್ಲಿ ನಿರ್ದೇಶನದ ಸಂಖ್ಯೆ, ವೋಲ್ಟ್ ಮಿತಿ ಎರಡನ್ನೂ ಹಾಕಿಬಿಡಿ.

ಮರು:

ಎಲ್ಲರಿಗೂ ಥ್ಯಾಂಕ್ಸ್. ಲೋ ವೋಲ್ಟೇಜ್ ನನಗೆ ಹೊಳೆದೇ ಇರಲಿಲ್ಲ, ತಿದ್ದಿದೆ. ಚೌಕದೊಳಗೆ ಚೌಕ ಇದೆ, ಹಾಗಾಗಿ ಅರ್ಥಿಂಗ್ ಸಾಲನ್ನೇ ತೆಗೆಸಿದೆ. ಅದು ಬೇರೆ ಮಾದರಿಯ ಕೈಪಿಡಿಯಿಂದ ನಕಲಾಗಿ ಬಂದಿತ್ತಂತೆ! ಕಳಿಸಿದ್ದು ಹೀಗೆ:

‘ಈ ಸಾಧನದ ಬಳಕೆಗೆ ಎರಡು ಷರತ್ತುಗಳಿವೆ. (1) ಇದು ಹಾನಿಕರ ಅಡಚಣೆ ಉಂಟುಮಾಡಬಾರದು. (2) ಹೊರಗಿನಿಂದ ಬರುವ ಅಡಚಣೆಯನ್ನು, ಅದರಿಂದ ಇದರ ಕೆಲಸ ಕೆಟ್ಟರೂ, ಸಹಿಸಿಕೊಳ್ಳಬೇಕು.’

ಇಎಂಸಿಗೆ ‘ವಿದ್ಯುತ್ಕಾಂತೀಯ ಹೊಂದಿಕೆ’ ಅಂತ ಹಾಕಿದೆ. ಇಬ್ಬರಿಗೂ ಅರ್ಧರ್ಧ.

ಮರು:

‘ಷರತ್ತು’ ಅರಬ್ಬಿ ಪದ. ‘ಕಟ್ಟಳೆ’ ಬರೆಯಬಹುದಿತ್ತು.

ಮರು:

ಅಚ್ಚಿಗೆ ಹೋಯ್ತು ಸಾರ್.