ಅಮ್ಮನ ಕೋಣೆಗೆ ಕ್ಯಾಮೆರಾ ಬೇಕಾ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ತೋಟದ ಮನೆ’. ಕಳೆದ ಭಾನುವಾರ ಅಲ್ಲಿ ನಡೆದ ಮಾತು ಇದು. ಅಮ್ಮ ಒಪ್ಪಿದ ಮೇಲೆ, ಹೆಸರುಗಳನ್ನು ಬಿಟ್ಟು ಇಲ್ಲಿ ಹಾಕಿದ್ದೇನೆ. ನಮ್ಮ ಹಾಗೆ ಊರಲ್ಲಿ ಒಬ್ಬರೇ ಇರುವ ಅಮ್ಮ, ಅಪ್ಪ ಎಷ್ಟೋ ಮನೆಗಳಲ್ಲಿ ಇದ್ದಾರೆ. ಅಮ್ಮ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಗುಡ್ಡದ ಬುಡದ ಹಳೇ ಮನೆಯಲ್ಲಿ. ವಯಸ್ಸು 79. ನಾನಿರುವುದು ಅದೇ ಜಿಲ್ಲೆಯ ನೀರ್ಚಾಲಿನಲ್ಲಿ.

ದೊಡ್ಡಣ್ಣ, ಬೆಂಗಳೂರು: ಮೇಲೆ ಹಾಕಿದ ವಿಡಿಯೋ ಎಲ್ಲರೂ ಪೂರ್ತಿ ನೋಡಿ. ಕೋಣೆಯ ಮೂಲೆಗೆ ಒಂದು ಕ್ಯಾಮೆರಾ. ಯಾರಾದರೂ ಬಿದ್ದರೆ ಅದಕ್ಕೆ ಗೊತ್ತಾಗಿ ನಮ್ಮ ಫೋನಿಗೆ ಸದ್ದು ಬರುತ್ತದೆ. ಅಮ್ಮನ ಕೋಣೆಗೆ ಒಂದು, ಬಚ್ಚಲಿನ ಬಾಗಿಲಿಗೆ ಒಂದು, ಜಗಲಿಗೆ ಒಂದು. ದುಡ್ಡು ನಾನು ಕೊಡುತ್ತೇನೆ.

ತಮ್ಮ, ದುಬೈ: ಒಳ್ಳೇದುಂಟು. ಅರ್ಧ ನಾನು ಹಾಕುತ್ತೇನೆ.

ನಾನು: ಅಣ್ಣಾ, ಅಮ್ಮನ ಹತ್ತಿರ ಕೇಳಿದೆಯಾ?

ದೊಡ್ಡಣ್ಣ: ಕೇಳಿದರೆ ಬೇಡ ಅಂತಲೇ ಹೇಳುತ್ತಾರೆ. ಮಿಕ್ಸಿ ತಂದಾಗಲೂ ಬೇಡ ಅಂದಿದ್ದರು. ಆಮೇಲೆ ದಿನಾ ಅದರಲ್ಲೇ ರುಬ್ಬಿದರು.

ನಾನು: ಮಿಕ್ಸಿಯ ಸ್ವಿಚ್ಚು ಅಮ್ಮನ ಕೈಯಲ್ಲಿತ್ತು. ಇದರದ್ದು ನಿನ್ನ ಕೈಯಲ್ಲಿ ಇರುತ್ತದೆ.

ದೊಡ್ಡಣ್ಣ: ಆಟಿಯ ಮಳೆಯಲ್ಲಿ ಅಮ್ಮ ಬಿದ್ದದ್ದು ಮರೆತೇ ಹೋಯಿತಾ? ಬೆಳಗಿನ ಜಾವ, ಬಚ್ಚಲಿನ ಒದ್ದೆ ನೆಲದಲ್ಲಿ ಮುಕ್ಕಾಲು ಗಂಟೆ. ಹಾಲಿನ ಹುಡುಗನಿಗೆ ಕೂಗು ಕೇಳದೇ ಇದ್ದಿದ್ದರೆ? ನನಗೆ ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಫೋನ್ ಮಾಡಿದರೆ ಅಮ್ಮನ ನಿದ್ದೆ ಹಾಳು. ಮಾಡದಿದ್ದರೆ ಬೆಳಗಿನವರೆಗೆ ನನಗೆ ನಿದ್ದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಜನ ಬಿದ್ದೇ ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಜಾಸ್ತಿ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಅಣ್ಣನ ಹೆದರಿಕೆ ಸುಳ್ಳಲ್ಲ. ಆ ಮುಕ್ಕಾಲು ಗಂಟೆ ನೆನಪಾದರೆ ನನಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಣ್ಣಕ್ಕ, ಪುತ್ತೂರು: ಕೈಗೆ ಕಟ್ಟುವ ವಾಚ್ ಆಗದಾ? ಆಪಲ್ ವಾಚಿನಲ್ಲಿ 2018ರಿಂದಲೇ ಆ ವ್ಯವಸ್ಥೆ ಉಂಟು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ತುರ್ತು ನಂಬರಿಗೆ ಕರೆ ಮಾಡುತ್ತದೆ.

ನಾನು: ಅದಕ್ಕೆ ಐಫೋನೂ ಬೇಕು ಅಕ್ಕಾ. ದಿನಾ ಚಾರ್ಜ್ ಮಾಡಬೇಕು. ಮತ್ತೆ, ಬಚ್ಚಲಿಗೆ ಹೋಗುವಾಗ ವಾಚು ಬಿಚ್ಚಿ ಕಿಟಕಿಯಲ್ಲಿ ಇಡುವುದು ಅಮ್ಮನ ಅಭ್ಯಾಸ. ಬಿದ್ದದ್ದು ಅಲ್ಲೇ ಅಲ್ವಾ.

ದೊಡ್ಡಣ್ಣ: ನಿನಗೆ ಯಂತ್ರ ಅಂದರೇ ಆಗುವುದಿಲ್ಲ.

ನಾನು: ಹಾಗೆ ಹೇಳಬೇಡ. ಅಪ್ಪನ ಫ್ಯಾಮಿಲಿ ಪೆನ್ಶನ್ನಿಗೆ ಪ್ರತಿ ನವೆಂಬರಿನಲ್ಲಿ ಜೀವನ್ ಪ್ರಮಾಣ್, ಅಂದರೆ ಅಮ್ಮ ಬದುಕಿದ್ದಾರೆ ಅನ್ನುವ ಡಿಜಿಟಲ್ ಸರ್ಟಿಫಿಕೇಟು, ಮಾಡಿಸುವುದು ಯಾರು? ಮೊದಲು ಬೆರಳು ಒತ್ತಬೇಕಿತ್ತು. ಅಡಿಕೆ ಸುಲಿದು ಸುಲಿದು ಸವೆದ ಬೆರಳು, ಗುರುತೇ ಬೀಳುತ್ತಿರಲಿಲ್ಲ. ಅಮ್ಮ ಎರಡು ಸಲ ಹಾಗೇ ವಾಪಸು ಬಂದಿದ್ದರು. 2021ರಲ್ಲಿ ಮುಖ ತೋರಿಸಿ ಮಾಡುವ ಅನುಕೂಲ ಬಂತು. ಈಗ ಜಗಲಿಯಲ್ಲಿ ಕೂರಿಸಿ ನನ್ನ ಫೋನಿನಲ್ಲೇ ಮುಗಿಸುತ್ತೇನೆ. ಅಂಥದ್ದು ಇನ್ನೂ ಹತ್ತು ಬರಲಿ, ನನಗೆ ಸಂತೋಷವೇ.

ಚಿಕ್ಕಪ್ಪ, ಬದಿಯಡ್ಕ: ಮಕ್ಕಳೇ, ನಾನೊಂದು ಹೇಳುತ್ತೇನೆ. 2020ರ ಮಾರ್ಚಿನಲ್ಲಿ, ಕೊರೋನಾ ಸಮಯ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದು ನೆನಪುಂಟಲ್ಲ? ಮಂಗಳೂರಿನ ಆಸ್ಪತ್ರೆಗೆ ಹೋಗಲು ಆಗದೆ ನಮ್ಮ ಜಿಲ್ಲೆಯಲ್ಲಿ ಜನ ತೀರಿಕೊಂಡರು. ಆಗಲೂ ಎಲ್ಲರ ಕೈಯಲ್ಲಿ ಫೋನ್ ಇತ್ತು. ವಿಡಿಯೋ ಕಾಲ್ ಇತ್ತು. ದೂರದ ಮಕ್ಕಳು ನೋಡಿದರು, ಅತ್ತರು. ಬರಲಿಕ್ಕೆ ಆಗಲಿಲ್ಲ. ಗಂಜಿ, ಮದ್ದು ತಂದುಕೊಟ್ಟದ್ದು ಆಚೆಮನೆಯವರು. ಅತ್ತಿಗೆ ಬಿದ್ದರೆ ಸದ್ದು ಯಾರ ಮನೆಯಲ್ಲಿ ಆಗಬೇಕು? ಅದನ್ನು ಮೊದಲು ಯೋಚನೆ ಮಾಡಿ.

ತಮ್ಮ: ಚಿಕ್ಕಪ್ಪ ಹೇಳಿದ್ದು ಸರಿ. ನನಗೆ ಸದ್ದಾದರೆ ನಾನಿಲ್ಲಿಂದ ನೀರ್ಚಾಲಿನ ಅಕ್ಕನಿಗೇ ಫೋನ್ ಮಾಡಬೇಕಷ್ಟೆ.

ನಾನು: ಅಣ್ಣಾ, ಸ್ವಲ್ಪ ಉದ್ದ ಬರೆಯುತ್ತೇನೆ. ಸಿಟ್ಟು ಮಾಡಬೇಡ. ಅಮ್ಮ ಯಾಕೆ ಬಿದ್ದರು ಅಂತ ನಾವು ಯಾರೂ ಕೇಳಲಿಲ್ಲ. ಮಳೆಗಾಲ, ನೆಲ ಜಾರಿತು ಅಂದುಕೊಂಡೆವು. ಆಮೇಲೆ ನಾನು ಎಂಟು ದಿನ ಅಲ್ಲಿದ್ದೆನಲ್ಲ. ಒಂದು ಬೆಳಗ್ಗೆ ಹಾಸಿಗೆಯಿಂದ ಎದ್ದವರು ದಾರಂದ ಹಿಡಿದು ನಿಂತರು. ಕಣ್ಣು ಮುಚ್ಚಿತ್ತು. ಎಂತಾಯಿತು ಅಂದರೆ, “ಇದು ದಿನಾ ಇದ್ದದ್ದೇ. ಎದ್ದ ಕೂಡಲೇ ಒಂದು ಗಳಿಗೆ ಕತ್ತಲೆ ಬಂದು ಹೋಗುತ್ತದೆ” ಅಂದರು.

ನೀನು ತಂದುಕೊಟ್ಟ ಬಿಪಿ ಮಿಷನ್ ಕಪಾಟಿನಲ್ಲಿತ್ತು. ಮರುದಿನ ಅಮ್ಮ ಏಳುವ ಮೊದಲೇ, ಮಲಗಿದ್ದಲ್ಲೇ ನೋಡಿದೆ. ಮೇಲಿನ ಅಂಕೆ 146. ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೆ ನೋಡಿದೆ. 118. ನಿಂತ ಮೂರು ನಿಮಿಷದ ಒಳಗೆ ಆ ಅಂಕೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ತಲೆ ತಿರುಗಿ ಬೀಳಲು ಅದೂ ಒಂದು ಕಾರಣ. ಮೂರು ದಿನದ ಅಂಕೆಯನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ತೆಗೆದುಕೊಂಡು ಹೋದೆ. ಡಾಕ್ಟರು ನೋಡಿ ರಾತ್ರಿಯ ಮಾತ್ರೆ ಬದಲಿಸಿದರು. ಏಳುವ ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಬೇಕು ಅಂದರು. ಈಗ ಆ ಕತ್ತಲೆ ಬರುವುದಿಲ್ಲ ಅನ್ನುತ್ತಾರೆ ಅಮ್ಮ.

ಕ್ಯಾಮೆರಾ ಇದ್ದಿದ್ದರೆ ಬಿದ್ದ ಮೇಲೆ ಹೇಳುತ್ತಿತ್ತು. ಬೀಳುವುದು ಯಾಕೆ ಅಂತ ಹೇಳಿದ್ದು ನೀನೇ ಕೊಟ್ಟ ಮಿಷನ್. ನನಗೆ ಬೇಕಾದ್ದು ಅಂಥ ಯಂತ್ರ.

ಹತ್ತು ನಿಮಿಷ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ದೊಡ್ಡಣ್ಣ: ಇದನ್ನು ನನಗೆ ಯಾಕೆ ಹೇಳಲಿಲ್ಲ?

ನಾನು: ಹೇಳಬೇಕಿತ್ತು. ತಪ್ಪಾಯಿತು.

ದೊಡ್ಡಣ್ಣ: ಆಯಿತು. ಆದರೂ ಮತ್ತೆ ಬಿದ್ದರೆ? ಮಾತ್ರೆ ಬದಲಾದರೆ ಬೀಳುವುದೇ ಇಲ್ಲ ಅಂತ ಉಂಟಾ?

ನಾನು: ಇಲ್ಲ. ಅದಕ್ಕೂ ಬೇಕು. ಆದರೆ ನೆಟ್ ನಂಬಿಕೊಂಡ ಸಾಮಾನು ಆ ಮನೆಗೆ ಆಗುವುದಿಲ್ಲ. ಮೇ ತಿಂಗಳ ಸಿಡಿಲಿಗೆ ರೂಟರ್ ಸುಟ್ಟು ಐದು ದಿನ ನೆಟ್ ಇರಲಿಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಹಿಂದಿನ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಕರೆಂಟು ಬರುತ್ತಿತ್ತು. ಮನೆಯಲ್ಲಿ ಕರೆಂಟು ಇಲ್ಲದಿದ್ದರೂ ಫೋನ್ ನಡೆಯುತ್ತಿತ್ತು. ಈಗ ಫೈಬರ್. ಮನೆಯ ಕರೆಂಟು ಹೋದರೆ ಅದೂ ಹೋಯಿತು.

ಹಾಗಾಗಿ ಒಂದು ವೈರ್‌ಲೆಸ್ ಬೆಲ್ ತಂದು ನೋಡಿದ್ದೇನೆ. ಬಟನ್ ಎರಡು. ಒಂದು ಅಮ್ಮನ ಕೊರಳಿನ ದಾರದಲ್ಲಿ. ಇನ್ನೊಂದು ಬಚ್ಚಲಿನ ಗೋಡೆಗೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ. ಬಿದ್ದವರ ಕೈ ಅಷ್ಟೇ ಎತ್ತರಕ್ಕೆ ಹೋಗುವುದು. ಬೆಲ್ ಇರುವುದು ಆಚೆಮನೆಯಲ್ಲಿ. ಮೊದಲ ದಿನ ಅವರ ಅಡುಗೆಮನೆಯಲ್ಲಿ ಇಟ್ಟೆವು. ಸದ್ದೇ ಬರಲಿಲ್ಲ. ನಡುವೆ ದಪ್ಪ ಮುರಕಲ್ಲಿನ ಗೋಡೆ. ನಮ್ಮ ಕಡೆ ಮುಖ ಮಾಡಿದ ಕಿಟಕಿಗೆ ತಂದಿಟ್ಟೆವು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಆಯಿತು. ಸೆಲ್ ಹಾಕುವಂಥದ್ದೇ ತಂದದ್ದು, ಕರೆಂಟು ಬೇಡ. ತಿಂಗಳ ಒಂದನೇ ತಾರೀಕು ಒತ್ತಿ ನೋಡಬೇಕು. ಆಚೆಮನೆ ಅಕ್ಕ ಓಡಿ ಬರುತ್ತಾರೆ, 108ಕ್ಕೂ ಅವರೇ ಹೇಳುತ್ತಾರೆ. ಮಲಯಾಳದಲ್ಲಿ ದಾರಿ ಹೇಳಬೇಕಾಗಿ ಬಂದರೆ ಅಮ್ಮನಿಗಿಂತ ಅವರೇ ಲಾಯಕ್ಕು.

ಚಿಕ್ಕಪ್ಪ: ಇದು ಮಾತು.

ಸಣ್ಣಕ್ಕ: ನಾನು ಇನ್ನೊಂದು ಹೇಳಬೇಕು ಅಂತಿದ್ದೆ. ಅಮ್ಮನಿಗೆ ಫೋನ್ ಮಾಡಿದರೆ ಎರಡು ಮಾತಿಗೆ “ಇಡುತ್ತೇನೆ” ಅನ್ನುತ್ತಾರೆ. ಬೇಜಾರು ಅಂದುಕೊಂಡಿದ್ದೆ. ಹೋದ ವಾರ ಪಕ್ಕದಲ್ಲಿ ಕೂತಾಗ ಗೊತ್ತಾಯಿತು, ಸರಿಯಾಗಿ ಕೇಳುವುದಿಲ್ಲ. ಕೇಳಿದ ಹಾಗೆ ತಲೆ ಆಡಿಸುತ್ತಾರೆ. ಇದನ್ನು ಬಿಡಬಾರದು. ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ಸರಿಮಾಡಬಹುದಾದ 12 ಕಾರಣಗಳನ್ನು 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿತ್ತು. ಅದರಲ್ಲಿ ಕಿವಿ ಮಂದವಾಗುವುದೂ ಒಂದು.

ತಮ್ಮ: ಹಾಗಾದರೆ ನನ್ನ ದುಡ್ಡು ಕಿವಿಯ ಮಿಷನ್ನಿಗೆ. ಪರೀಕ್ಷೆ ಯಾವಾಗ ಮಾಡಿಸುತ್ತೀರಿ ಹೇಳಿ.

ಅಷ್ಟರಲ್ಲಿ ನಾನು ಅಮ್ಮನಿಗೆ ಫೋನ್ ಮಾಡಿ, ವಿಡಿಯೋದ ವಿಷಯ ಜೋರಾಗಿ, ನಿಧಾನಕ್ಕೆ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಗುಂಪಿಗೆ ಬರೆದು ಹಾಕಿದೆ: “ಮಗ ಹೆದರುವುದು ನನಗೆ ಗೊತ್ತುಂಟು. ಜಗಲಿಗೆ ಬೇಕಾದರೆ ಹಾಕಲಿ. ನಾನು ಅಡಿಕೆ ಸುಲಿಯುವುದನ್ನು ನೋಡಲಿ, ಯಾರು ಬಂದರು ಹೋದರು ನೋಡಲಿ. ಕೋಣೆಯ ಒಳಗೆ ಬೇಡ. ಸೀರೆ ಬದಲಿಸುವ ಜಾಗ ಅದು. ನಿಮ್ಮ ಅಪ್ಪನ ಫೋಟೋದ ಹತ್ತಿರ ಒಮ್ಮೊಮ್ಮೆ ಮಾತಾಡುತ್ತೇನೆ. ಅದನ್ನು ಯಾರೂ ನೋಡುವುದು ಬೇಡ.”

ಅಣ್ಣ ‘ಬರೆಯುತ್ತಿದ್ದಾರೆ’ ಅಂತ ತೋರಿಸುತ್ತಲೇ ಇತ್ತು. ನಿಂತಿತು. ಮತ್ತೆ ತೋರಿಸಿತು.

ದೊಡ್ಡಣ್ಣ: ಜಗಲಿಗೆ ಒಂದೇ ಸಾಕು. ಬೆಳಗ್ಗೆ ಆರಕ್ಕೆ ಬಾಗಿಲು ತೆರೆದದ್ದು ಕಂಡರೆ ನನಗೆ ಸಮಾಧಾನ. ನೆಟ್ ಇಲ್ಲದ ದಿನ ನೀನು ಒಂದು ಮೆಸೇಜ್ ಹಾಕು. ಬಚ್ಚಲಿಗೆ ಹಿಡಿದುಕೊಳ್ಳಲು ಸ್ಟೀಲ್ ಸರಳು ಹಾಕಿದ್ದೀರಾ?

ನಾನು: ಇನ್ನೂ ಇಲ್ಲ. ಮಂಚದ ಅಡಿಗೆ ಮಾತ್ರ ಸೆನ್ಸರ್ ಲೈಟ್ ಹಾಕಿದ್ದೇನೆ. ಕಾಲು ಕೆಳಗಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ.

ಚಿಕ್ಕಪ್ಪ: ಬುಧವಾರ ನಾನು ಡ್ರಿಲ್ ತೆಗೆದುಕೊಂಡು ಬರುತ್ತೇನೆ. ಟವೆಲ್ ಹಾಕುವ ಸರಳು ತರಬೇಡಿ, ಮೈಭಾರಕ್ಕೆ ಕಿತ್ತು ಬರುತ್ತದೆ. ಅತ್ತಿಗೆಯನ್ನೇ ನಿಲ್ಲಿಸಿ ಎತ್ತರ ಗುರುತು ಮಾಡಿಡಿ.

ಮಂಗಳವಾರ ಸಂಜೆ ಪೆರ್ಲಕ್ಕೆ ಹೋಗಿ ಗುಂಪಿಗೆ ಒಂದು ಫೋಟೋ ಹಾಕಿದೆ.

ನಾನು: ನೆಲದಿಂದ 33 ಇಂಚು. ಪೆನ್ಸಿಲಿನ ಗೆರೆ ಅಮ್ಮನೇ ಎಳೆದದ್ದು.