ಗಣಿ ಡಂಪ್ ಮೇಲಿನ ಹಸಿರನ್ನು ಅಳೆಯೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಊರು ಧಾರವಾಡ ಕಡೆ, ಈಗ ಗೋವಾದಲ್ಲಿ ಸಸ್ಯಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ಬಿಚೋಲಿಂ ಹತ್ತಿರದ ಹಳೇ ಕಬ್ಬಿಣದ ಗಣಿಯೊಂದರ ಡಂಪ್ (ಅಗೆದು ಸುರಿದ ಬೇಡದ ಮಣ್ಣು-ಕಲ್ಲಿನ ಗುಡ್ಡೆ) ಮೇಲೆ ಗಿಡ ನೆಟ್ಟಿದ್ದಾರೆ. ಅದು ಎಷ್ಟು ಯಶಸ್ವಿಯಾಗಿದೆ ಅಂತ ನೋಡುವುದು ನನ್ನ ಪ್ರಾಜೆಕ್ಟ್. ಒಂದು ಮೀಟರ್ ಚೌಕ ಇಟ್ಟು ಹತ್ತು ಕಡೆ ಎಣಿಸಿದರೆ ಸಾಕಾ? ಅಲ್ಲಿನ ಸೂಪರ್‌ವೈಸರ್ ಒಳ್ಳೆಯವರು. ‘ಚೆನ್ನಾಗಿ ಬಂದಿರೋ ಕಡೆ ನಾನೇ ಕರ್ಕೊಂಡು ಹೋಗ್ತೀನಿ’ ಅಂದಿದ್ದಾರೆ.

ಉತ್ತರ: ಅವರು ದಾರಿ ತೋರಿಸಲಿ, ಜಾಗ ಮಾತ್ರ ತೋರಿಸುವುದು ಬೇಡ. ಇದೊಂದು ಕೈತಪ್ಪಿದರೆ ಮುಂದಿನ ಲೆಕ್ಕವೆಲ್ಲ ಸುಮ್ನೆ.

ಚೌಕ ಎಲ್ಲಿ ಬೀಳಬೇಕು ಅನ್ನುವುದು ಡಂಪ್‌ಗೆ ಹೋಗುವ ಮೊದಲೇ ತೀರ್ಮಾನ ಆಗಬೇಕು. ನಕ್ಷೆ ಹರಡಿಕೊಂಡು ಡಂಪನ್ನು ಭಾಗ ಮಾಡಿ. ಮೇಲಿನ ಸಮತಟ್ಟು ಒಂದು, ಇಳಿಜಾರು ಒಂದು, ನಡುವಿನ ಬೆಂಚ್‌ಗಳು, ಅಂದರೆ ಮೆಟ್ಟಿಲಿನಂಥ ಹಂತಗಳು, ಒಂದು. ನೆಟ್ಟ ವರ್ಷ ಬೇರೆಯಾದರೆ ಅದೂ ಬೇರೆ ಭಾಗ. ಮಳೆಗಾಳಿಗೆ ಎದುರಾಗಿ ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರನ್ನು ಉಳಿದವುಗಳ ಜೊತೆ ಕಲಸಬೇಡಿ, ಮಣ್ಣು ಕೊಚ್ಚಿಹೋಗುವುದು ಅಲ್ಲೇ ಜಾಸ್ತಿ. ಆಮೇಲೆ ಪ್ರತಿ ಭಾಗದೊಳಗೂ ಲಾಟರಿ ಎತ್ತಿದ ಹಾಗೆ ಬಿಂದುಗಳನ್ನು ಆರಿಸಿ, ಫೋನಿಗೆ ಹಾಕಿಕೊಳ್ಳಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ, ಪರವಾಗಿಲ್ಲ. ‘ಬಂತು’ ಅಂದ ಕಡೆ ನಿಂತು, ಶೂ ತುದಿಗೆ ಚೌಕದ ಮೂಲೆ ಇಡಿ. ಅಲ್ಲಿ ಬರೀ ಜಂಬಿಟ್ಟಿಗೆ ಕಲ್ಲಿದ್ದರೆ ಸೊನ್ನೆ ಬರೆಯಿರಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯೋಣ ಅಂತ ಕಾಲು ಎಳೆಯುತ್ತದೆ, ಸರಿಯಬೇಡಿ. ಆ ಸೊನ್ನೆಯೂ ನಿಮ್ಮ ಡೇಟಾನೇ ಅಲ್ವಾ?

ಒಂದು ಮೀಟರ್ ಚೌಕ ಹುಲ್ಲಿಗೆ, ಸಣ್ಣ ಗಿಡಕ್ಕೆ ಸರಿ. ಪೊದೆಗೆ 5 ಮೀಟರ್, ಮರಕ್ಕೆ 10 ಮೀಟರ್ ಚೌಕ ಬೇಕು. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒತ್ತಿ ಹಿಡಿದು ಅಳೆಯುವಾಗ ಹುಷಾರು. 30 ಡಿಗ್ರಿ ಇಳಿಜಾರಿನಲ್ಲಿ ನಕ್ಷೆಯ 10 ಮೀಟರ್ ಅಂದರೆ ನೆಲದ ಮೇಲೆ ಸುಮಾರು 11.5 ಮೀಟರ್.

ನೆಲ ಎಷ್ಟು ಮುಚ್ಚಿದೆ ಅಂತ ಕಣ್ಣಂದಾಜಿನಲ್ಲಿ ಬರೆಯುವುದಕ್ಕಿಂತ ಟೇಪ್ ವಿಧಾನ ನನಗೆ ಇಷ್ಟ. 50 ಮೀಟರ್ ಟೇಪ್ ಎಳೆಯಿರಿ. ಪ್ರತಿ ಅರ್ಧ ಮೀಟರಿಗೆ ತೆಳುವಾದ ಕಂಬಿಯೊಂದನ್ನು ನೆಟ್ಟಗೆ ಇಳಿಸಿ, ತುದಿಗೆ ಏನು ತಗುಲಿತು ಅಂತ ಬರೆಯಿರಿ: ಹುಲ್ಲು, ತರಗೆಲೆ, ಕಲ್ಲು, ಬರಿಮಣ್ಣು. ನೂರು ಬಿಂದು, ಒಂದೊಂದೂ ಶೇ. 1. ಆದರೆ ಇವು ನೂರು ಸ್ಯಾಂಪಲ್ ಅಲ್ಲ. ಇಡೀ ಟೇಪ್ ಸೇರಿ ಒಂದೇ ಸ್ಯಾಂಪಲ್. ಬಹಳ ವರದಿಗಳು ಎಡವುವುದು ಇಲ್ಲೇ.

ಹತ್ತು ಸಾಕಾ ಅಂದರೆ, ಮೊದಲ ಹತ್ತೇ ಹೇಳುತ್ತವೆ. ಉದಾಹರಣೆಗೆ ಅವುಗಳಲ್ಲಿ ನೆಲ ಮುಚ್ಚಿದ್ದರ ಸರಾಸರಿ ಶೇ. 40, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಅಳತೆಗಳು ಎಷ್ಟು ಚದುರಿವೆ ಅನ್ನುವ ಲೆಕ್ಕ) 20 ಬಂತು ಅಂದುಕೊಳ್ಳಿ. ಸರಾಸರಿಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು, ಶೇ. 90 ಭರವಸೆಯೂ ಬೇಕು ಅಂದರೆ 1.645 (ಶೇ. 90 ಭರವಸೆಗೆ ಬಳಸುವ ಸಂಖ್ಯೆ) ಇಂಟು 20, ಅದನ್ನು 4ರಿಂದ, ಅಂದರೆ 40ರ ಹತ್ತನೇ ಒಂದು ಪಾಲಿನಿಂದ, ಭಾಗಿಸಿ ವರ್ಗ ಮಾಡಿ. ಸುಮಾರು 68 ಬರುತ್ತದೆ. ಐದನೇ ಒಂದು ಪಾಲು ತಪ್ಪಿದರೂ ನಡೆಯುತ್ತದೆ ಅಂದರೆ 17 ಸಾಕು. ಎಂಎಸ್ಸಿಗೆ ಎರಡನೆಯದನ್ನೇ ಹಿಡಿಯಿರಿ, ಆದರೆ ಹಾಗೆ ಮಾಡಿದ್ದೇನೆ ಅಂತ ಬರೆಯಿರಿ. ಅಮೆರಿಕದ ಕಲ್ಲಿದ್ದಲು ಗಣಿ ನಿಯಮದಲ್ಲಿ ಈ ಶೇ. 90ರ ಭರವಸೆ ಕಡ್ಡಾಯ. ಜೊತೆಗೆ ಅಲ್ಲಿ ಗಿಡಗಳು ನಿಗದಿತ ಮಟ್ಟದ ಶೇ. 90ರಷ್ಟಾದರೂ ಇರಬೇಕು.

ಪ್ರಶ್ನೆ: ಯಾವುದರ ಜೊತೆ ಹೋಲಿಸಲಿ ಮೇಡಂ? ಅವರ ರಿಜಿಸ್ಟರ್‌ನಲ್ಲಿ ಬದುಕುಳಿದ ಸಸಿಗಳ ಲೆಕ್ಕ ಚೆನ್ನಾಗಿಯೇ ಇದೆ.

ಉತ್ತರ: ಸತ್ತ ಸಸಿ ಕಿತ್ತು ಹೊಸದು ನೆಟ್ಟಿದ್ದರೆ ಆ ಲೆಕ್ಕ ಚೆನ್ನಾಗಿಯೇ ಇರುತ್ತದೆ ಬಿಡಿ! ಹತ್ತಿರದಲ್ಲಿ ಗಣಿ ಮುಟ್ಟದ, ಅಂಥದ್ದೇ ಇಳಿಜಾರಿನ ಕಾಡು ಹುಡುಕಿ. ಅಲ್ಲೂ ಅದೇ ವಿಧಾನ, ಅದೇ ತಿಂಗಳು. ಅಕ್ಟೋಬರ್‌ನಲ್ಲಿ ಇಡೀ ಗೋವಾ ಹಸಿರು, ಬಣ್ಣ ಬಯಲಾಗುವುದು ಮಾರ್ಚ್‌ನಲ್ಲಿ. ಸಾಧ್ಯವಾದರೆ ಎರಡು ಸಲ ಹೋಗಿ.

ಇನ್ನೊಂದು ವಿಷಯ. ಈ ಡಂಪ್‌ಗಳ ಮೇಲೆ ಅಕೇಶಿಯಾ ಜಾಸ್ತಿ. ಮೇಲಿಂದ ನೋಡಿದರೆ ಕಾಡು, ಅದರ ಬುಡದಲ್ಲಿ ಬರೀ ತರಗೆಲೆ. ಹಾಗಾಗಿ ತಾನಾಗಿ ಹುಟ್ಟಿದ ಸಸಿಗಳಿಗೆ ಬೇರೆ ಕಾಲಂ ಇಡಿ. ಮತ್ತಿ, ಕಿಂದಳ, ನೇರಳೆ ಒಂದಾದರೂ ತಾನಾಗಿ ಹುಟ್ಟಿದೆಯಾ? ನನ್ನ ಪ್ರಕಾರ ಮರದ ಎತ್ತರಕ್ಕಿಂತ ಆ ಕಾಲಂ ಮುಖ್ಯ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗಣಿ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೆ, ಗಿಡಕ್ಕೆ, ಪ್ರಾಣಿಗಳಿಗೆ ಆಗುವ ಹಾಗೆ ಮಾಡಬೇಕು ಅಂದಿದೆ. ಬರೀ ಮರ ಎಣಿಸಿದರೆ ಇದಕ್ಕೆ ಉತ್ತರ ಸಿಗಲ್ಲ.

ಪುಣೆಯಿಂದ ಒಬ್ಬರು: ಡ್ರೋನ್ ಹಾರಿಸಿದರೆ ಒಂದೇ ದಿನದಲ್ಲಿ ಮುಗಿಯಲ್ವಾ?

ಉತ್ತರ: ಭಾಗ ಮಾಡಲು, ಬೋಳು ಜಾಗ ಗುರುತಿಸಲು ಡ್ರೋನ್ ಒಳ್ಳೆಯದು. ಮರದ ಕೆಳಗೆ ಏನಿದೆ ಅಂತ ಅದು ಹೇಳಲ್ಲ. ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯ ಪೊದೆಯನ್ನೂ ಹಸಿರು ಅಂತಲೇ ತೋರಿಸುತ್ತದೆ.

ಪ್ರಶ್ನೆ: ಕೊನೇದು ಮೇಡಂ. ಸಸಿ ಸರಿಯಾಗಿ ಚೌಕದ ಗೆರೆ ಮೇಲೇ ಇದ್ದರೆ?

ಉತ್ತರ: ಬುಡ ಒಳಗಿದ್ದರೆ ಎಣಿಸಿ, ರೆಂಬೆ ಮಾತ್ರ ಒಳಗೆ ಬಂದಿದ್ದರೆ ಬಿಡಿ. ಬುಡವೇ ಗೆರೆ ಮೇಲಿದ್ದರೆ ಎಡಗಡೆ ಮತ್ತು ಕೆಳಗಡೆಯ ಗೆರೆಯದ್ದು ಲೆಕ್ಕಕ್ಕೆ, ಉಳಿದೆರಡು ಗೆರೆಯದ್ದು ಬೇಡ. ಜೊತೆಗೆ ಬರುವ ಗೆಳೆಯರಿಗೂ ಇದನ್ನು ಮೊದಲೇ ಹೇಳಿಡಿ.